ಎರಡು ಮಣ್ಣಿನ ದ್ರಾಕ್ಷಿ, ಇಪ್ಪತ್ತರ ಎಣಿಕೆ

ನಮ್ಮ ಮನೆಯ ಅರಿಷ್ಟದಲ್ಲಿ ಎರಡು ಸೀಮೆಯ ಮಣ್ಣು ಇತ್ತು. ಕೂಡ್ಲಿಗಿ ಕಡೆಯ ಕೆಂಪು ಗರಸು ಮಸಾರಿ ಒಂದು, ಹಡಗಲಿ ಕಡೆಯ ಹೊಳೆದಂಡೆಯ ಕರಿ ಎರೆ ಒಂದು. ಮಣ್ಣನ್ನು ಯಾರೂ ಗಡಿಗೆಗೆ ಹಾಕುತ್ತಿರಲಿಲ್ಲ, ಆ ಮಣ್ಣಿನಲ್ಲಿ ಬೆಳೆದ ಕಪ್ಪು ದ್ರಾಕ್ಷಿಯನ್ನು ಹಾಕುತ್ತಿದ್ದರು. ಆದರೆ ನಮ್ಮ ಮಾವನವರು ಯಾವತ್ತೂ ಹಣ್ಣು ಬಂತೇ ಎಂದು ಕೇಳಿದವರಲ್ಲ. ಮಸಾರಿ ಬಂತೇನು, ಎರಿ ಬಂತೇನು ಎಂದೇ ಕೇಳುತ್ತಿದ್ದರು.

ನಾನು ಹರಪನಹಳ್ಳಿ ಕಡೆಯವಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಮದುವೆಯಾಗಿ ಕೊಟ್ಟೂರಿಗೆ ಬಂದೆ. ಮಾವನವರು ನಾಟಿ ಪಂಡಿತರು. ಅವರ ದ್ರಾಕ್ಷಿ ಅರಿಷ್ಟವನ್ನು ಬಾಣಂತಿಯರಿಗೆ, ಜ್ವರ ಬಿಟ್ಟು ನಿತ್ರಾಣವಾದವರಿಗೆ ಕೊಡುತ್ತಿದ್ದರು. ಬೇರೆ ಪಂಡಿತರು ಒಣದ್ರಾಕ್ಷಿ ಕುದಿಸಿ ಮಾಡುತ್ತಿದ್ದರು. ಇವರು ಹಸಿ ಹಣ್ಣನ್ನೇ ಹಿಚುಕಿ, ಬೆಂಕಿ ತೋರಿಸದೆ, ತಾನಾಗಿ ಉಕ್ಕಲು ಬಿಡುತ್ತಿದ್ದರು. ಕಾಸಿ ಇಳಿಸಿದ್ದು ಹೆಂಡ, ತಾನಾಗಿ ಉಕ್ಕಿದ್ದು ಮದ್ದು ಎನ್ನುವುದು ಅವರ ಮಾತು. ಸಂತೆಯಲ್ಲಿ ಯಾರೋ ಒಬ್ಬ, "ಪಂಡಿತ್ರ, ಈ ವರ್ಷದ ಸರಕು ತಲಿಗೇರತೈತೇನ್ರಿ?" ಎಂದು ಕೇಳಿದ್ದನಂತೆ. "ನಿನ್ನ ಹೆರಿಗಿ ಆದಾಗ ಬಾರಪ್ಪ, ಕೊಡ್ತೀನಿ" ಎಂದು ಇವರು ಹೇಳಿದ್ದರಂತೆ. ಹೊರಗಿನವರ ಜೊತೆ ಅವರು ಹೀಗೆ ನಗುತ್ತಲೇ ಮಾತಾಡುತ್ತಿದ್ದರು. ಮನೆಯಲ್ಲಿ ನಕ್ಕಿದ್ದನ್ನು ನಾನು ನೋಡಲಿಲ್ಲ.

ಹೊಸಹಳ್ಳಿ ಕಡೆ ಒಂದು ಇಳಿಜಾರಿನಲ್ಲಿ ಮಸಾರಿಯ ತೋಟ. ಕಾಲಿಟ್ಟರೆ ಕಲ್ಲು ಚುಚ್ಚುವ ನೆಲ, ನೀರು ಬಾವಿಯ ತಳದಲ್ಲಿ. ಅಲ್ಲಿಯ ಹಣ್ಣು ಕಾರೆಹಣ್ಣಿನಷ್ಟೇ ಸಣ್ಣದು, ಸಿಪ್ಪೆ ದಪ್ಪ, ಬಾಯಿಗೆ ಹಾಕಿದರೆ ಒಗರಿಗೆ ಕೆನ್ನೆ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಆದರೆ ಬಣ್ಣ ಹೇಳತೀರದು. ಹಿಚುಕಿದ ಕೈ ಎಂಟು ದಿನ ನೇರಳೆ ಬಣ್ಣದಲ್ಲೇ ಇರುತ್ತಿತ್ತು. ಎರಿಯ ತೋಟ ಹೊಳಲಿನ ಆಚೆ, ತುಂಗಭದ್ರೆಗೆ ಹತ್ತಿರ. ಅಲ್ಲಿ ಬಳ್ಳಿಗೆ ನೀರಿನ ಚಿಂತೆ ಇಲ್ಲ. ಹಣ್ಣು ದೊಡ್ಡದು, ರಸ ಸುರಿಯುತ್ತಿತ್ತು, ಸಿಹಿ ತುಂಬ. ಸಿಪ್ಪೆ ತೆಳ್ಳಗೆ, ಬಣ್ಣ ಇಲ್ಲವೇ ಇಲ್ಲ. ಬರೀ ಎರಿಯನ್ನು ಉಕ್ಕಿಸಿದರೆ ಶ್ರಾವಣಕ್ಕೆಲ್ಲ ಸಪ್ಪೆಯಾಗಿ ಹುಳಿಗೆ ತಿರುಗುತ್ತಿತ್ತು. ಬರೀ ಮಸಾರಿಯಾದರೆ ಗಂಟಲಿಗೆ ಇಳಿಯುತ್ತಿರಲಿಲ್ಲ. ಎರಡನ್ನೂ ಬೇರೆ ಬೇರೆ ಉಕ್ಕಿಸಿ ಆಮೇಲೆ ಕೂಡಿಸಬೇಕು. ಮೊದಲೇ ಕೂಡಿಸಿದರೆ ಎರಿಯ ಸಿಹಿ ಮಸಾರಿಯ ಉಕ್ಕನ್ನು ಅವಸರ ಮಾಡಿ ಕೆಡಿಸುತ್ತದೆ ಎನ್ನುತ್ತಿದ್ದರು ಮಾವನವರು.

ಮಸಾರಿಗೆ ಹಳೆಯ ಗಡಿಗೆ, ಎರಿಗೆ ಹೊಸ ಗಡಿಗೆ. ಹೊಸ ಗಡಿಗೆ ನೀರು ಕುಡಿಯುತ್ತದೆ, ಎರಿಯಲ್ಲಿ ಕುಡಿಯುವಷ್ಟು ನೀರು ಇದ್ದೇ ಇತ್ತು. ಮಸಾರಿಯ ಸಿಪ್ಪೆ ಒಂಬತ್ತು ದಿನ ರಸದಲ್ಲೇ ಇರಬೇಕು, ದಿನಕ್ಕೆ ಎರಡು ಸಲ ಕೋಲಿನಿಂದ ಒಳಕ್ಕೆ ಒತ್ತಬೇಕು. ಎರಿಯ ಸಿಪ್ಪೆ ಎರಡನೇ ದಿನಕ್ಕೇ ತೆಗೆದು ಎಮ್ಮೆಗೆ ಹಾಕಬೇಕು. ಮಸಾರಿಗೆ ಬೆಲ್ಲ, ಎರಿಗೆ ಇಲ್ಲ. ಉಕ್ಕು ಏಳಿಸಲು ಎರಡಕ್ಕೂ ಒಣಗಿದ ಧಾತಕಿ ಹೂವು. ಸಿಪ್ಪೆ ತೆಗೆದ ಮೇಲೆ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಮಣ್ಣು ಮೆತ್ತಿ, ಉಸಿರಾಡಲು ಹುಲ್ಲುಕಡ್ಡಿಯಷ್ಟು ತೂತು ಬಿಟ್ಟು ಹಗೇವಿನಲ್ಲಿ ಇಡುತ್ತಿದ್ದರು.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕೋಣೆ. ನಮ್ಮದು ಹಿತ್ತಲಿನಲ್ಲಿ ಇತ್ತು, ಎರಡಾಳು ಆಳ. ಬಾಯಿ ಸಣ್ಣದು, ಗಂಡಸರ ಭುಜ ಹಿಡಿಸುತ್ತಿರಲಿಲ್ಲ. ಒಳಗೆ ಬೇಸಿಗೆಯೂ ಇಲ್ಲ, ಚಳಿಯೂ ಇಲ್ಲ, ಅರಿಷ್ಟಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಹಗೇವಿನಲ್ಲಿ ವಿಷದ ಗಾಳಿ ನಿಲ್ಲುತ್ತದೆ. ಅರಿಷ್ಟ ಉಕ್ಕುವ ಹಗೇವಿನಲ್ಲಂತೂ ಇನ್ನೂ ಹೆಚ್ಚು. ನಮ್ಮ ಸೀಮೆಯಲ್ಲಿ ಎಲ್ಲರೂ ಮೊದಲು ದೀಪ ಇಳಿಬಿಡುತ್ತಾರೆ, ಆರಿದರೆ ಯಾರೂ ಇಳಿಯುವುದಿಲ್ಲ. ಮಾವನವರು ದೀಪ ಬಿಡಗೊಡುತ್ತಿರಲಿಲ್ಲ. ಎಣ್ಣೆಯ ಹೊಗೆ ಬಾಯಿ ತೆರೆದ ಗಡಿಗೆಗೆ ಹತ್ತುತ್ತದಂತೆ. ಅದಕ್ಕೆ ಬೇವಿನ ಟೊಂಗೆಯನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬೀಸಿ ಬೀಸಿ ಗಾಳಿ ಆಡಿಸಿ, ಆಮೇಲೆ ಹೆಣ್ಣುಮಗಳೊಬ್ಬಳ ತೋಳಿನ ಕೆಳಗೆ ಹಗ್ಗ ಬಿಗಿದು ರಾಟೆಯಿಂದ ಇಳಿಸುತ್ತಿದ್ದರು. ಇಳಿದವಳು ಗಟ್ಟಿಯಾಗಿ ನಮಃ ಶಿವಾಯ ಎನ್ನುತ್ತಿರಬೇಕು. ದನಿ ತೊದಲಿದರೆ, ನಿಂತರೆ, ಎಳೆಯಬೇಕು. ಬೇರೆಯವರ ಹಗೇವಿಗೆ ದೀಪ, ನಮ್ಮ ಹಗೇವಿಗೆ ದನಿ. ಅತ್ತೆ ಹಗೇವಿನ ಬಾಯಿಯ ಬಳಿ ನಿಂತು ಹಿತ್ತಾಳೆಯ ತಟ್ಟೆ ಹಿಡಿದು ಬೆಳಗಿನ ಬಿಸಿಲನ್ನು ಒಳಕ್ಕೆ ಬೀಳಿಸುತ್ತಿದ್ದರು. ಅಷ್ಟೇ ಬೆಳಕು.

ಮೊದಲನೇ ವರ್ಷ ಗಡಿಗೆ ಇಡುವ ಮುಂಚೆ ಖಾಲಿ ಹಗೇವಿಗೆ ಸಗಣಿ ಬಳಿಯಲು ನನ್ನನ್ನು ಇಳಿಸಿದರು. ಅಂದೇ ಗೊತ್ತಾಯಿತು, ಒಳಗಿದ್ದರೆ ಮೇಲಿನ ಪಿಸುಮಾತೂ ಕಿವಿಯ ಹತ್ತಿರ ಆಡಿದಂತೆ ಕೇಳುತ್ತದೆ ಎಂದು. ಮೇಲೆ ಮಾತಾಡುವವರಿಗೆ ಅದು ತಿಳಿಯುವುದಿಲ್ಲ. ನಾಲ್ಕನೇ ವರ್ಷ ಹೀಗೇ ಬಳಿಯುತ್ತಿದ್ದಾಗ ಅತ್ತೆ ಪಕ್ಕದ ಮನೆಯವಳಿಗೆ ಸಣ್ಣ ದನಿಯಲ್ಲಿ ಹೇಳುತ್ತಿದ್ದರು: "ಇದೊಂದು ವರ್ಷ ನೋಡ್ತೀವಿ. ಹೊಟ್ಟಿ ತುಂಬಲಿಲ್ಲಂದ್ರ ಹರಪನಹಳ್ಳಿ ಬಸ್ಸಿಗೆ ಕೂಡಿಸಿ ಬರ್ತೀವಿ. ಅದ ಬಸ್ಸಿನ್ಯಾಗ ಇನ್ನೊಬ್ಬಾಕಿನ್ನ ಕರಕೊಂಡು ಬಂದ್ರಾತು."

ನಾನು ಸಗಣಿ ಬಳಿಯುತ್ತಲೇ ಇದ್ದೆ. ನಮಃ ಶಿವಾಯ ಎನ್ನುವುದನ್ನೂ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಎಳೆದುಬಿಡುತ್ತಿದ್ದರು, ಕಣ್ಣು ಒರೆಸಿಕೊಳ್ಳಲು ಸಮಯ ಸಿಗುತ್ತಿರಲಿಲ್ಲ. ಕತ್ತಲಿದ್ದದ್ದು ದೇವರ ದಯೆ.

ಗಂಡ ಹಗರಿಬೊಮ್ಮನಹಳ್ಳಿ ಕಡೆ ಮಾಸ್ತರ ಕೆಲಸದಲ್ಲಿದ್ದರು. ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಅವರಿಗೆ ಏನು ಹೇಳಿದರೂ ಅಕ್ಕನ್ನ ಕೇಳು ಎನ್ನುತ್ತಿದ್ದರು. ಅಕ್ಕ ಎಂದರೆ ನನ್ನ ನಾದಿನಿ, ಅವರಿಗಿಂತ ಆರು ವರ್ಷ ದೊಡ್ಡವಳು. ಇಪ್ಪತ್ತೆರಡಕ್ಕೇ ಗಂಡ ತೀರಿಕೊಂಡು ತವರಿಗೆ ಬಂದಿದ್ದಳು. ನಮ್ಮ ಮನೆಯ ಅರಿಷ್ಟಕ್ಕೆ ನಾಲಿಗೆ ಅವಳದೇ. ಮಾವನವರು ನಶ್ಯ ಏರಿಸಿ ಏರಿಸಿ ಮೂಗು ಕಳೆದುಕೊಂಡಿದ್ದರು. ಯುಗಾದಿ ಮುಗಿದ ಮೇಲೆ ಹಗೇವು ತೆರೆದಾಗ ಗಡಿಗೆಗಳನ್ನು ಅಲುಗಿಸುವ ಹಾಗಿರಲಿಲ್ಲ, ತಳದ ಗಸಿ ಎದ್ದುಬಿಡುತ್ತದೆ. ಹಾಗಾಗಿ ರುಚಿ ನೋಡುವವಳೇ ಒಳಗೆ ಇಳಿದು, ಮಸಾರಿಯ ಒಂದು ಗುಟುಕು, ಎರಿಯ ಒಂದು ಗುಟುಕು ಬಾಯಲ್ಲಿ ಹಿಡಿದು, ಎಷ್ಟಕ್ಕೆ ಎಷ್ಟು ಎಂದು ಅಲ್ಲೇ ತೀರ್ಮಾನಿಸಿ, ಮೂರನೇ ಗಡಿಗೆಗೆ ಚಿಪ್ಪಿನಿಂದ ಅಳೆದು ಹಾಕಬೇಕಾಗಿತ್ತು. ಮಳೆ ತಡೆದ ವರ್ಷ ಮಸಾರಿ ಕಟುವಾಗುತ್ತಿತ್ತು, ಆಗ ಎರಡು ಮಸಾರಿಗೆ ಮೂರು ಎರಿ. ಹೊಳೆ ತುಂಬಿ ಹರಿದ ವರ್ಷ ಎರಿ ನೀರಾಗುತ್ತಿತ್ತು, ಆಗ ಮೂರಕ್ಕೆ ಒಂದು. ಇದಕ್ಕೆ ಪುಸ್ತಕ ಇರಲಿಲ್ಲ. ಅವಳ ಬಾಯಿ ಇತ್ತು.

ಆ ಬಾಯಿಗಾಗಿ ಶಿವರಾತ್ರಿಯಿಂದ ಹಗೇವು ತೆರೆಯುವವರೆಗೆ ಅವಳಿಗೆ ಖಾರ ಇಲ್ಲ, ಉಳ್ಳಾಗಡ್ಡಿ ಇಲ್ಲ. ಹಾಲು, ಅನ್ನ, ಒಂದು ಗಿಂಡಿ ತುಪ್ಪ. ಬೀಸುವ ಕಲ್ಲು, ಒರಳು ಮುಟ್ಟುವ ಹಾಗಿಲ್ಲ, ಹಿಟ್ಟಿನ ಧೂಳು ಮೂಗಿಗೆ ಹೋಗಬಾರದು. ಆ ಮನೆಯಲ್ಲಿ ವಿಧವೆಗೆ ತುಪ್ಪ ಬಡಿಸುತ್ತಿದ್ದುದು ಆ ಒಂದೂವರೆ ತಿಂಗಳು ಮಾತ್ರ. ಉಳಿದ ದಿನಗಳಲ್ಲೂ ಅವಳ ಹಾಸಿಗೆ ಪಡಸಾಲೆಯಲ್ಲೇ ಇತ್ತು, ಹಿತ್ತಲಿಗೆ ಹೋಗಿರಲಿಲ್ಲ. ಆ ನಾಲಿಗೆ ಇಲ್ಲದಿದ್ದರೆ ಅವಳ ಪಾಡು ಏನಾಗುತ್ತಿತ್ತು ಎಂಬುದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ನನಗೆ ಇನ್ನೊಂದೂ ಹೊಳೆದಿತ್ತು. ರುಚಿ ನೋಡುವವಳನ್ನು ಯಾರೂ ಹರಪನಹಳ್ಳಿ ಬಸ್ಸಿಗೆ ಕೂಡಿಸುವುದಿಲ್ಲ.

ಕಲಿಸಿಕೊಡು ಎಂದು ಕೇಳಿದೆ. ಅವಳು ಕಲಿಸಲಿಲ್ಲ. ನಾನು ಸಿಪ್ಪೆ ಒತ್ತಲು ಹೋದಾಗ ಬೆರಳಿಗೆ ಹತ್ತಿದ್ದನ್ನು ನೆಕ್ಕಿ ನೆಕ್ಕಿ ಕಲಿಯತೊಡಗಿದೆ. ಒಂದು ದಿನ ಅವಳು ಅದನ್ನು ನೋಡಿದಳು. ಮರುದಿನ ನಾನು ಮುಟ್ಟಾಗಿ ಗಡಿಗೆಯ ಹತ್ತಿರ ಹೋಗಿದ್ದೆನೆಂದು ಅತ್ತೆಗೆ ಹೇಳಿದಳು. ಸುಳ್ಳು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ನನ್ನ ತವರಿನಲ್ಲಿ ಕಲಿಸಿದ್ದರು, ಅದನ್ನೇ ಹೇಳಿದೆ.

"ನಿನಗ ಇಲ್ಲವಾ," ಎಂದರು ಅತ್ತೆ, "ಗಡಿಗಿಗೆ ಐತಿ."

ಐದು ದಿನ ದನದ ಕೊಟ್ಟಿಗೆಯಲ್ಲಿ ಮಲಗಿದೆ. ಎಮ್ಮೆ ಒದೆಯುವ ಜಾತಿಯದಲ್ಲ, ಅದೂ ಒಂದು ದಯೆ.

ನನ್ನ ಅಪ್ಪನ ಮನೆಯ ಬಾವಿಯ ಮೇಲೆ ಒಂದು ದ್ರಾಕ್ಷಿ ಬಳ್ಳಿ ಇತ್ತು. ಮರುವರ್ಷ ಅಪ್ಪ ಅದರ ಹಣ್ಣು ಒಂದು ಬುಟ್ಟಿ ಬಿಡಿಸಿ, ಮೇಲೆ ಬಾಳೆ ಎಲೆ ಹೊದಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೊಟ್ಟೂರಿಗೆ ಬಂದರು. ನಾನೇ ಪತ್ರ ಬರೆಸಿದ್ದೆ. ಬೀಗರ ಮದ್ದಿಗೆ ನಮ್ಮದೂ ನಾಲ್ಕು ಹಣ್ಣು ಬಿದ್ದರೆ ಮಗಳಿಗೆ ಒಂದು ಮಾನ ಎಂದು ಅವರಿಗೂ ಆಸೆ. ಮಾವನವರು ಬುಟ್ಟಿಯನ್ನು ನಾದಿನಿಯ ಮುಂದೆ ಸರಿಸಿದರು. ಅವಳು ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು, ಕಣ್ಣು ಮುಚ್ಚಿದಳು, ಎದ್ದು ಅಂಗಳಕ್ಕೆ ಹೋಗಿ ಅಪ್ಪನ ಚಪ್ಪಲಿಯ ಪಕ್ಕ ಉಗುಳಿದಳು.

"ಬರೀ ನೀರು ಕುಡದು ಬೆಳದದ್ದು. ಸಿಹಿನೂ ಇಲ್ಲ, ಒಗರೂ ಇಲ್ಲ. ಇವರ ಮಗಳಿದ್ದಂಗ ಐತಿ."

ಅತ್ತೆ ನಕ್ಕರು. ಅಪ್ಪನೂ ನಕ್ಕರು, ಬೀಗರ ಮನೆಯಲ್ಲಿ ನಗದೆ ಇರಲು ಆಗುವುದಿಲ್ಲವಲ್ಲ. ಊಟಕ್ಕೆ ನಿಲ್ಲಲಿಲ್ಲ, ಬಸ್ಸು ಇದೆ ಎಂದರು. ಬುಟ್ಟಿಯ ಹಣ್ಣನ್ನು ಅತ್ತೆ ಸಿಪ್ಪೆಯ ಜೊತೆ ಎಮ್ಮೆಗೆ ಸುರಿಸಿದರು. ಸುರಿದವಳು ನಾನೇ.

ಆ ವರ್ಷ ಯುಗಾದಿ ಮುಗಿದು ಹಗೇವು ತೆರೆದೆವು. ಬೇವಿನ ಟೊಂಗೆ ಬೀಸಿದೆವು. ನಾದಿನಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಇಳಿದಳು. ಹಗ್ಗ ನನ್ನ ಕೈಯಲ್ಲಿತ್ತು. ಹಿಂದೆ ಮಾವನವರು ನಿಂತಿದ್ದರು, ಎಳೆಯುವಾಗ ಕೈ ಹಚ್ಚಲು. ಅತ್ತೆ ತಟ್ಟೆಯ ಬಿಸಿಲನ್ನು ಸರಿಮಾಡುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ರುಚಿ ನೋಡುವಾಗ ಬಾಯಲ್ಲಿ ರಸ ಇರುತ್ತದೆ, ನಮಃ ಶಿವಾಯ ಎನ್ನಲು ಆಗುವುದಿಲ್ಲ. ಜೀವಕ್ಕೆ ಆಧಾರವಾದ ದನಿ ಆಗ ನಿಲ್ಲಲೇಬೇಕು. ಅದಕ್ಕೆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ದನಿ ನಿಂತ ಕೂಡಲೇ ಹಗ್ಗ ಹಿಡಿದವಳು ಒಂದರಿಂದ ಇಪ್ಪತ್ತರ ತನಕ ಎಣಿಸಬೇಕು. ಇಪ್ಪತ್ತರೊಳಗೆ ದನಿ ಮತ್ತೆ ಏಳಬೇಕು. ಏಳದಿದ್ದರೆ ಕೇಳುವುದು ಗೀಳುವುದು ಇಲ್ಲ, ಎಳೆಯುವುದೇ.

ಮಸಾರಿಯ ಗುಟುಕಿಗೆ ದನಿ ನಿಂತಿತು, ಹದಿನಾಲ್ಕಕ್ಕೆ ಮತ್ತೆ ಎದ್ದಿತು. ಎರಿಯ ಗುಟುಕಿಗೆ ನಿಂತಿತು. ನಾನು ಸಣ್ಣಗೆ ತುಟಿಯಲ್ಲೇ ಎಣಿಸಿದೆ. ಹದಿನೈದು ಆಯಿತು. ಹತ್ತೊಂಬತ್ತು, ಇಪ್ಪತ್ತು. ದನಿ ಏಳಲಿಲ್ಲ. ಮಾವನವರು ಹಿಂದೆ ನಶ್ಯದ ಡಬ್ಬಿ ತೆಗೆಯುತ್ತಿದ್ದರು, ಅತ್ತೆಯ ಕಣ್ಣು ತಟ್ಟೆಯ ಮೇಲಿತ್ತು. ನನ್ನ ಕಣ್ಣ ಮುಂದೆ ಅಪ್ಪನ ಚಪ್ಪಲಿ ಇತ್ತು.

ನಾನು ಮತ್ತೆ ಒಂದರಿಂದ ಶುರು ಮಾಡಿದೆ.

ಸಾಯಲಿ ಎಂದುಕೊಳ್ಳಲಿಲ್ಲ. ಒಂದು ಸಲ ಹೆದರಲಿ ಎಂದುಕೊಂಡೆ. ಅಷ್ಟೇ ಎಂದುಕೊಂಡೆ ಎಂದು ಇಷ್ಟು ವರ್ಷ ಪೂಜೆಯಲ್ಲಿ ಹೇಳಿಕೊಂಡು ಬಂದಿದ್ದೇನೆ. ಎಣಿಸಿದವಳು ನಾನೇ, ಬೇರೆ ಯಾರೂ ನನ್ನ ಬಾಯಲ್ಲಿ ಕೂತು ಎಣಿಸಲಿಲ್ಲ. ಒಂದು, ಎರಡು, ಮೂರು ಎಂದು ಒಂದೊಂದನ್ನೂ ಸಾವಕಾಶ ಹೇಳಿದೆ. ಎರಡನೇ ಸಲದ ಹನ್ನೊಂದಕ್ಕೆ ಒಳಗೆ ಮಡಕೆ ಒಡೆದ ಸದ್ದು ಬಂತು.

ಆಗ ಎಳೆದೆವು. ಭಾರ ಒಂದೇ ಸಮ ನೇತಾಡುತ್ತಿತ್ತು, ಕೈ ಕಾಲು ಹಚ್ಚಿ ಮೇಲೇರುವವರ ಭಾರದಂತಿರಲಿಲ್ಲ. ಮುಖ ನೀಲಿಗಟ್ಟಿತ್ತು. ಹಿಂದಲೆ ಗಡಿಗೆಯ ಕಂಠಕ್ಕೆ ಬಡಿದು ರಕ್ತ, ಅದರ ಮೇಲೆ ಅರಿಷ್ಟ. ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಅತ್ತೆ ತಟ್ಟೆ ಎಸೆದು ಮಗಳ ಮೇಲೆ ಬಿದ್ದರು. ಮಾವನವರು ಹಗೇವಿನ ಬಾಯಿಗೆ ಬಗ್ಗಿ ಕೇಳಿದರು:

"ಯಾವುದು ಒಡೀತು? ಮಸಾರಿನೋ, ಎರಿನೋ?"

ಆಮೇಲೆ ಎದ್ದು ಬಂದು ಮಗಳ ಮೂಗಿಗೆ ಶುಂಠಿ ಪುಡಿ ಊದಿದರು. ಬಹಳ ಹೊತ್ತಿಗೆ ಒಂದು ಸೀನು ಬಂತು. ಉಸಿರು ಬಂತು. ಎಷ್ಟಕ್ಕ ಎಳದಿ ಎಂದು ಮಾವನವರು ನನ್ನನ್ನು ಕೇಳಿದರು. ಇಪ್ಪತ್ತಕ್ಕ ಎಂದೆ. ಎದೆಯ ಮೇಲೆ ಇಷ್ಟಲಿಂಗ ಇತ್ತು, ಅದರ ಮೇಲೆ ಕೈ ಇಟ್ಟುಕೊಂಡೇ ಹೇಳಿದೆ. ನಾದಿನಿ ಕಣ್ಣು ಮುಚ್ಚಿ ಮಲಗಿದ್ದಳು.

ಒಡೆದದ್ದು ಎರಿಯ ಗಡಿಗೆ. ಆ ವರ್ಷ ಬರೀ ಮಸಾರಿಯನ್ನೇ ಕೊಟ್ಟರು, ಈ ಸಲ ಕಸುವು ಜಾಸ್ತಿ ಎಂದು ಹೇಳಿ. ಬಾಣಂತಿಯರು ಕಣ್ಣಲ್ಲಿ ನೀರು ತಂದುಕೊಂಡು ನುಂಗಿದರು. ಒಬ್ಬಳು ಕಾರಿಕೊಂಡಳೆಂದು ಅವಳ ತಾಯಿ ಸೀಸೆ ವಾಪಸು ತಂದು ಕಟ್ಟೆಯ ಮೇಲೆ ಕುಕ್ಕಿ ಹೋದಳು. ಎರಡು ಮಣ್ಣಿನಲ್ಲಿ ಒಂದು ಇಲ್ಲದಿದ್ದರೆ ಏನಾಗುತ್ತದೆ ಎಂದು ಆ ವರ್ಷ ಊರಿಗೆಲ್ಲ ತಿಳಿಯಿತು.

ನಾದಿನಿಯ ಗಾಯ ಹದಿನೈದು ದಿನಕ್ಕೆ ಮಾಯಿತು. ಮತ್ತೆ ಪಡಸಾಲೆಗೆ ಬಂದು ಕೂತಳು. ಆದರೆ ನಾನು ಗಮನಿಸುತ್ತಿದ್ದೆ. ಒಮ್ಮೆ ಒಗ್ಗರಣೆ ಸೀದು ಮನೆಯೆಲ್ಲ ಘಾಟಾಗಿ ಎಲ್ಲರೂ ಅಂಗಳಕ್ಕೆ ಓಡಿದಾಗ ಅವಳು ಕಣ್ಣು ಉಜ್ಜುತ್ತ ಏನಾತು ಎಂದು ಕೇಳಿದಳು. ಇನ್ನೊಮ್ಮೆ ಕಮಟು ಹಿಡಿದ ಬೆಣ್ಣೆಯನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದಳು. ಹುಳಿ, ಸಿಹಿ, ಉಪ್ಪು ನಾಲಿಗೆಗೆ ಉಳಿದಿತ್ತು. ತಲೆಗೆ ಬಿದ್ದ ಪೆಟ್ಟಿಗೆ ವಾಸನೆ ಪೂರ್ತಿ ಹೋಗಿತ್ತು. ವಾಸನೆ ಹೋದ ಮೇಲೆ ದ್ರಾಕ್ಷಿಯ ರುಚಿಯಲ್ಲಿ ಉಳಿಯುವುದು ಏನು? ಅವಳು ಯಾರಿಗೂ ಹೇಳಲಿಲ್ಲ. ನಾನು ಹೇಳಬಹುದಿತ್ತು, ಸುಮ್ಮನೆಯೂ ಇರಬಹುದಿತ್ತು. ನಾನು ಎರಡನ್ನೂ ಮಾಡದೆ ಶಿವರಾತ್ರಿಗೆ ಕಾದೆ.

ಹೊಸ ಹಣ್ಣು ಬಂತು. ಅವಳ ತುಪ್ಪದ ಗಿಂಡಿ ಅವಳ ಎಲೆಯ ಮುಂದೆ ಬಂತು. ಮಸಾರಿಯ ಸಿಪ್ಪೆ ತೆಗೆಯುವ ಒಂಬತ್ತನೇ ದಿನ ಒಂದು ಬಟ್ಟಲು ರಸ ಅವಳಿಗೆ ತೋರಿಸುವುದು ವಾಡಿಕೆ. ಬಟ್ಟಲು ತರುವ ಕೆಲಸ ನನ್ನದು. ನಾನು ಗಡಿಗೆಯಿಂದ ತುಂಬಲಿಲ್ಲ. ಕೆಂಪು ಪುಂಡಿಕಾಯಿಯ ಸಿಪ್ಪೆ ಕುದಿಸಿ, ಬೆಲ್ಲ ಹಾಕಿ, ಒಗರಿಗೆ ಚಿಟಿಕೆ ಅಳಲೆಕಾಯಿ ಪುಡಿ ಬೆರೆಸಿ ಆರಿಸಿ ಇಟ್ಟಿದ್ದೆ. ಬಣ್ಣ ಅದೇ. ಹುಳಿ, ಸಿಹಿ, ಒಗರು ಎಲ್ಲ ಇತ್ತು, ದ್ರಾಕ್ಷಿ ಒಂದು ಇರಲಿಲ್ಲ.

ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಳು. ಮೊದಲಿನಂತೆಯೇ ಮೂಗಿನ ಹತ್ತಿರ ತಂದಳು. ಗುಟುಕು ಬಾಯಲ್ಲಿಟ್ಟು ಕಣ್ಣು ಮುಚ್ಚಿದಳು, ನಾವೆಲ್ಲ ಉಸಿರು ಹಿಡಿದು ಕೂತಿದ್ದೆವು. ನುಂಗಿ ಕಣ್ಣು ತೆರೆದಳು.

"ಮಸಾರಿ ಈ ಸಲ ಚಲೋ ಬಂದೈತಿ ಅಪ್ಪಾ. ಸಿಪ್ಪಿ ಇನ್ನೆರಡು ದಿನ ಇರಲಿ."

ಅತ್ತಿ, ನೀವೊಂಚೂರು ನೋಡ್ರಿ ಎಂದು ನಾನು ಬಟ್ಟಲನ್ನು ಅತ್ತೆಯ ಕೈಗೆ ಕೊಟ್ಟೆ. ಅತ್ತೆ ಮೂಸಿದರು. ಇನ್ನೊಮ್ಮೆ ಮೂಸಿದರು.

"ಇದು ಪುಂಡಿ ಅಲ್ಲೇನ?"

ನಾದಿನಿ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ತೀರ್ಪು ಓದಿಸಿಕೊಳ್ಳುವವರು ನೋಡುವ ಹಾಗೆ ನೋಡಿದಳು. ಮಾವನವರು ನನಗೆ ಗಡಿಗೆಯ ನಿಜವಾದ ರಸ ತರಹೇಳಿದರು, ರುಚಿ ನೋಡು ಎಂದರು. ಬೆರಳು ನೆಕ್ಕಿ ಕಲಿತದ್ದನ್ನೆಲ್ಲ ಹೇಳಿದೆ. ಸಿಪ್ಪೆ ಇವತ್ತೇ ತೆಗೆಯಬೇಕು, ನಾಳೆಗೆ ಕಹಿ ಬಿಡುತ್ತದೆ ಎಂದೆ. ಅವರು ತಲೆ ಆಡಿಸಿದರು. ಮಗಳ ಕಡೆ ತಿರುಗಿ ಒಂದೇ ಮಾತು ಅಂದರು:

"ತುಪ್ಪದ ಗಿಂಡಿ ಆಕಿ ಕಡಿ ಸರಸು."

ಅವಳು ತನ್ನ ಕೈಯಾರೆ ಸರಿಸಿದಳು.

ಅಂದಿನಿಂದ ಅವಳ ಹಾಸಿಗೆ ಹಿತ್ತಲ ಕೋಣೆಗೆ ಹೋಯಿತು, ಕೊಟ್ಟಿಗೆಯ ಗೋಡೆಗೆ ಹತ್ತಿ. ಬೀಸುವ ಕಲ್ಲು, ಒರಳು, ಸಗಣಿ ಎಲ್ಲ ಅವಳ ಪಾಲಿಗೆ ಬಂದವು. ಹರಪನಹಳ್ಳಿ ಬಸ್ಸಿನ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ಗಂಡ ಶನಿವಾರ ಬಂದು ವಿಷಯ ಕೇಳಿ, ಅಕ್ಕನ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಬಂದರು. ಆಮೇಲೆ ಎಲ್ಲದಕ್ಕೂ ನನ್ನನ್ನೇ ಕೇಳತೊಡಗಿದರು.

ತುಪ್ಪ ತಿನ್ನುವ ಅಧಿಕಾರ ಬಂದ ಮೇಲೆ ಒಂದು ವರ್ಷ ಹಟದಿಂದ ಅಪ್ಪನ ಬಾವಿಯ ಹಣ್ಣು ತರಿಸಿ, ಬೇರೆ ಗಡಿಗೆಯಲ್ಲಿ ಉಕ್ಕಿಸಿ, ಎರಿಯ ಪಾಲಿನಲ್ಲಿ ಅರ್ಧ ತೆಗೆದು ಇದನ್ನು ಕೂಡಿಸಿದೆ. ಮಾವನವರಿಗೆ ಗೊತ್ತಾಗಲಿಲ್ಲ. ಕೊಂಡವರೂ ಏನೂ ಅನ್ನಲಿಲ್ಲ. ಆದರೆ ದೀಪಾವಳಿಯ ಹೊತ್ತಿಗೆ ಬಣ್ಣ ಇಟ್ಟಿಗೆಯಂತಾಗಿ, ಬಾಯಲ್ಲಿ ಏನೂ ನಿಲ್ಲದಂತಾಯಿತು. ಮಸಾರಿ ಎಲುಬು, ಎರಿ ಮಾಂಸ, ಅಪ್ಪನ ಬಾವಿಯ ಹಣ್ಣು ಬರೀ ನೀರು. ಅವಳು ಉಗುಳಿದ್ದು ಕೆಟ್ಟತನದಿಂದಲೇ, ಆದರೆ ಹೇಳಿದ್ದು ನಿಜ. ಅದನ್ನು ನನ್ನ ನಾಲಿಗೆಯೇ ನನಗೆ ಹೇಳಿತು. ಅಪ್ಪನಿಗೆ ಮಾತ್ರ ಬಹಳ ಚಲೋ ಬಂತಪ್ಪ ಎಂದು ಬರೆಸಿದೆ.

ಇನ್ನು ಹಗ್ಗದ ವಿಷಯ. ನಾನು ಹಗೇವಿಗೆ ಇಳಿಯುವವಳಾದ ನಂತರ ಮೇಲೆ ಹಗ್ಗ ಹಿಡಿಯಲು ಮನೆಯಲ್ಲಿ ಇನ್ನೊಬ್ಬಳೇ ಇದ್ದಳು.

ಮೊದಲ ವರ್ಷ ಅವಳೇ ನನ್ನ ತೋಳಿನ ಕೆಳಗೆ ಹಗ್ಗ ಬಿಗಿದಳು. ಗಂಟನ್ನು ಎರಡು ಸಲ ಜಗ್ಗಿ ನೋಡಿದಳು. ಇಳಿದೆ. ತಟ್ಟೆಯ ಬಿಸಿಲು ಗಡಿಗೆಗಳ ಮೇಲೆ ಬಿತ್ತು. ನಮಃ ಶಿವಾಯ ಎನ್ನುತ್ತ ಮಸಾರಿಯ ಬಾಯಿ ಬಿಚ್ಚಿದೆ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಗುಟುಕು ಬಾಯಿಗೆ ಇಟ್ಟೆ, ದನಿ ನಿಲ್ಲಿಸಿದೆ.

ಮೇಲಿನಿಂದ ಅವಳ ತುಟಿಯ ಎಣಿಕೆ ಕೇಳತೊಡಗಿತು. ಒಂದು, ಎರಡು. ಕಿವಿಗೆ ಬಾಯಿ ಹಚ್ಚಿ ಎಣಿಸಿದಂತೆ, ಒಂದೊಂದೂ ಸ್ಪಷ್ಟ. ಖಾಲಿ ಹಗೇವಿನಲ್ಲಿ ಅತ್ತೆಯ ಪಿಸುಮಾತು ಕೇಳಿದ್ದು ನನಗೆ ಆಗ ನೆನಪಾಯಿತು. ಬಾಯಲ್ಲಿದ್ದ ರಸ ತಣ್ಣಗಾಯಿತು. ನನ್ನ ತುಟಿಯ ಎಣಿಕೆಯೂ ಇಲ್ಲಿಗೆ ಹೀಗೇ ಇಳಿದಿರಬೇಕು. ಮಸಾರಿಯನ್ನು ಹೇಗೋ ಮುಗಿಸಿದೆ. ಎರಿಯ ಗುಟುಕು ಇಟ್ಟಾಗ ನಾಲಿಗೆ ದಪ್ಪವಾಗಿತ್ತು, ಅದು ಗಾಳಿಯೋ ಭಯವೋ ತಿಳಿಯದು. ನುಂಗಬೇಕು, ದನಿ ಎತ್ತಬೇಕು, ಆಗುತ್ತಿಲ್ಲ.

ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು.

ಹಗ್ಗ ಬಿಗಿಯಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಮೇಲೆ ಸದ್ದಿಲ್ಲ. ಆಮೇಲೆ ಸಾವಕಾಶ, ನಾನು ಅಂದು ಹೇಳಿದ ಹಾಗೆಯೇ ಸಾವಕಾಶ, ಅವಳ ದನಿ ಬಂತು:

"ಒಂದು."

ಆ ಕ್ಷಣವೇ ಹಗ್ಗ ಬಿಗಿಯಿತು. ಅವಳು ಎಳೆದಳು.

ಮೇಲೆ ಬಂದು ಬಿದ್ದಾಗ ಅವಳು ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. ಅತ್ತೆ, ಇಪ್ಪತ್ತಕ್ಕ ಎಳದಿ ಹೌದಿಲ್ಲೋ ಎಂದು ಅವಳನ್ನು ಕೇಳಿದರು. ಅವಳು ಹೂಂ ಎಂದಳು. ಸುಧಾರಿಸಿಕೊಂಡ ಮೇಲೆ ಮತ್ತೆ ಇಳಿದೆ, ಇಳಿಯಲೇಬೇಕಿತ್ತು. ಎರಡಕ್ಕೆ ಎರಡು ಕೂಡಿಸಿದೆ.

ಅವಳು ಅದರ ಬಗ್ಗೆ ಎಂದೂ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಮೂರನೇ ವರ್ಷಕ್ಕೆ ನನಗೆ ಮಗಳು ಹುಟ್ಟಿದಳು. ಬಾಣಂತನ ಮಾಡಿದವಳು ಅವಳೇ. ನಲವತ್ತು ದಿನ ಎಣ್ಣೆ ಹಚ್ಚಿ ಎರೆದಳು, ಒರಟು ಕೈ ಮಾಡಲಿಲ್ಲ. ದಿನಾ ಅರಿಷ್ಟ ತಂದುಕೊಟ್ಟು ನಾನು ನುಂಗುವ ತನಕ ನಿಂತು ನೋಡುತ್ತಿದ್ದಳು. ಹೆಂಗೈತಿ ಎಂದು ಒಮ್ಮೆ ಕೇಳಿದಳು. ಚಲೋ ಐತಿ ಎಂದೆ. ಹೌದಾ ಎಂದು ಲೋಟ ತೆಗೆದುಕೊಂಡು ಹೋದಳು.

ಎಂಬತ್ತರ ದಶಕ ಮುಗಿದ ಮೇಲೆ ಹೊಸಹಳ್ಳಿ ಕಡೆಯ ತೋಟದವರು ಬಳ್ಳಿ ಕಿತ್ತು ದಾಳಿಂಬೆ ಹಾಕಿದರು. ಮಾವನವರಿಗೂ ಕೈ ನಡುಗುತ್ತಿತ್ತು. ಹಗೇವಿಗೆ ಕಲ್ಲು ಮುಚ್ಚಿ ಮಣ್ಣು ಎಳೆದೆವು. ಅದಕ್ಕೂ ಮೊದಲು ನಾನು ಒಟ್ಟು ಏಳು ವರ್ಷ ಇಳಿದೆ. ಏಳು ವರ್ಷವೂ ಯಾವುದೋ ಒಂದು ಗುಟುಕಿಗೆ ನನ್ನ ದನಿ ಇಪ್ಪತ್ತರೊಳಗೆ ಏಳುತ್ತಿರಲಿಲ್ಲ. ಏಳುವುದಿಲ್ಲ ಎಂಬ ಭಯಕ್ಕೇ ಏಳುತ್ತಿರಲಿಲ್ಲವೇನೋ. ಏಳು ವರ್ಷವೂ ಇಪ್ಪತ್ತಾದ ಮೇಲೆ ಆ ಒಂದು ಉಸಿರಿನಷ್ಟು ನಿಲುವು, ಆಮೇಲೆ ಅದೇ ಸಾವಕಾಶದ "ಒಂದು", ಆಮೇಲೆ ಹಗ್ಗ.

ಎರಡು ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ದೇವರು ನನಗೆ ಕೊಟ್ಟ ದಯೆಗಳನ್ನು ಎಣಿಸಲು ಕೂತಾಗ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.